ನನ್ನದೇ ಡ್ರೈವ್, ನನಗೇ ಅನುಮತಿ ಇಲ್ಲ

'ಈ ಜಾಗದಲ್ಲಿ ಸೇವ್ ಮಾಡಲು ನಿಮಗೆ ಅನುಮತಿ ಇಲ್ಲ. ಅನುಮತಿ ಬೇಕಿದ್ದರೆ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ.' ವಿಂಡೋಸ್ ಇರುವ ಹೊಸ ಕಂಪ್ಯೂಟರಿಗೆ ಹಳೆಯ ಹಾರ್ಡ್ ಡಿಸ್ಕ್ ಜೋಡಿಸಿ, ಅದರಲ್ಲಿದ್ದ ಒಂದು ಬರಹವನ್ನು ತಿದ್ದಿ ಕಂಟ್ರೋಲ್ ಎಸ್ ಒತ್ತಿದಾಗ ಸಿಕ್ಕ ಉತ್ತರ ಇದು. ಆ ಕಂಪ್ಯೂಟರಿನಲ್ಲಿ ಇದ್ದದ್ದೇ ಒಂದು ಅಕೌಂಟು, ಅದು ನನ್ನದು. ಅಡ್ಮಿನಿಸ್ಟ್ರೇಟರೂ ನಾನೇ. ಇನ್ನು ಯಾರನ್ನು ಸಂಪರ್ಕಿಸುವುದು?

ಅದೇ ಕಿಟಕಿ ಮುಂದುವರಿದು, 'ಬದಲಿಗೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಸೇವ್ ಮಾಡಲೇ?' ಎಂದು ಕೇಳುತ್ತದೆ. ಹೂಂ ಅಂದೆ. ತಿದ್ದಿದ್ದು ಉಳಿಯಬೇಕಲ್ಲ. ಆದರೆ ಇದನ್ನೇ ಅಭ್ಯಾಸ ಮಾಡಿಕೊಂಡರೆ ಪ್ರತಿ ಫೈಲಿಗೂ ಎರಡು ಪ್ರತಿ ಆಗುತ್ತವೆ. ತಿದ್ದಿದ್ದು ಯಾವುದು, ತಿದ್ದದ್ದು ಯಾವುದು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಈ ತೊಂದರೆಗೆ ಎಲ್ಲರೂ ಹೇಳುವ ಒಂದು ಮದ್ದಿದೆ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಸೆಕ್ಯುರಿಟಿ, ಅಲ್ಲಿ 'ಎವ್ರಿವನ್' ಎಂದು ಸೇರಿಸಿ 'ಫುಲ್ ಕಂಟ್ರೋಲ್' ಕೊಟ್ಟುಬಿಡಿ ಅಂತಾರೆ. ಬಹಳ ಸಲ ಕೆಲಸವೂ ಆಗುತ್ತದೆ. ನನಗೆ ಅದು ಇಷ್ಟವಾಗಲಿಲ್ಲ. ಆ ಕಂಪ್ಯೂಟರಿನ ಯಾವ ಅಕೌಂಟಿನಿಂದ ಬೇಕಾದರೂ, ಅಲ್ಲಿ ಓಡುವ ಯಾವ ಪ್ರೋಗ್ರಾಮಿನಿಂದ ಬೇಕಾದರೂ ಎಲ್ಲವನ್ನೂ ಅಳಿಸಬಹುದು ಎಂದು ಬರೆದುಕೊಟ್ಟ ಹಾಗೆ ಅದು. ಮೇಲಾಗಿ, ಏನು ಕೆಟ್ಟಿತ್ತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಅದೇ ಪಾಡು.

ಹಾಗಾಗಿ ಮೊದಲು ತೊಂದರೆ ಎಲ್ಲೆಲ್ಲಿ ಇದೆ, ಎಲ್ಲಿ ಇಲ್ಲ ಅಂತ ನೋಡಿದೆ. ನೋಟ್‌ಪ್ಯಾಡ್ ತೆಗೆದು, ಒಂದು ಪದ ಟೈಪ್ ಮಾಡಿ, ಆ ಹಳೆಯ ಡಿಸ್ಕಿನ, ಅಂದರೆ ಡಿ ಡ್ರೈವಿನ ಹೊರಗಡೆಯೇ, ಅಂದರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ, ಸೇವ್ ಮಾಡಿದೆ. ಆಯಿತು. ಹೊಸ ಫೋಲ್ಡರ್ ಮಾಡಿ ಅದರೊಳಗೆ ಸೇವ್ ಮಾಡಿದೆ. ಅದೂ ಆಯಿತು. ಹಳೆಯ ಫೋಲ್ಡರುಗಳಲ್ಲಿ ಕೆಲವು ಒಪ್ಪಿದವು. ಆದರೆ ಬರಹಗಳನ್ನು ಇಟ್ಟಿದ್ದ ಫೋಲ್ಡರು, ಫೋಟೋಗಳ ಫೋಲ್ಡರು ಇವೆರಡೂ ಜಪ್ಪಯ್ಯ ಅನ್ನಲಿಲ್ಲ. ತೆರೆದು ಓದುವುದಕ್ಕೆ ಮಾತ್ರ ಯಾವುದರಲ್ಲೂ ಅಡ್ಡಿ ಇರಲಿಲ್ಲ.

ಇಷ್ಟರಿಂದಲೇ ಒಂದಿಷ್ಟು ಅನುಮಾನಗಳು ಕಳೆದವು. ಡಿಸ್ಕಿಗೇ ಬರೆಯದಂತೆ ತಡೆ ಹಾಕಿದ್ದರೆ ಎಲ್ಲಿಯೂ ಸೇವ್ ಆಗುತ್ತಿರಲಿಲ್ಲ. ಆಗ ಬರುವ ಸಂದೇಶವೂ ಬೇರೆ, 'ರೈಟ್ ಪ್ರೊಟೆಕ್ಟೆಡ್' ಎಂದೇ ಹೇಳುತ್ತದೆ. ಜಾಗ ತುಂಬಿದ್ದರೂ ಅದನ್ನು ನೇರವಾಗಿ ಹೇಳುತ್ತದೆ. ಡಿಸ್ಕ್ ಸಾಯುವ ಹಂತದಲ್ಲಿದ್ದರೆ ಓದುವಾಗಲೂ ತಿಣುಕಾಡುತ್ತದೆ. ಇಲ್ಲಿ ಕೆಲವು ಫೋಲ್ಡರುಗಳಿಗೆ ಮಾತ್ರ ಬರವಣಿಗೆ ನಿಷೇಧ. ಅಂದರೆ ಇದು ನಿಜವಾಗಿಯೂ ಅನುಮತಿಯ ವಿಷಯವೇ.

ಇಲ್ಲಿ ತುಂಬ ಜನ ಎಡವುವ ಒಂದು ಜಾಗ ಇದೆ. ಫೋಲ್ಡರಿನ ಪ್ರಾಪರ್ಟೀಸ್ ತೆಗೆದರೆ ಮೊದಲ ಪುಟದಲ್ಲೇ 'ರೀಡ್ ಓನ್ಲಿ' ಎಂಬ ಚೌಕ ಕಾಣುತ್ತದೆ. ಅದರೊಳಗೆ ಟಿಕ್ ಬದಲು ಒಂದು ಕಪ್ಪು ತುಂಬುಗೆ. ಸಿಕ್ಕಿತು ಕಳ್ಳ ಅಂತ ಅದನ್ನು ತೆಗೆದು, ಅಪ್ಲೈ ಒತ್ತಿ, ಮತ್ತೆ ತೆರೆದರೆ ಆ ಕಪ್ಪು ಚೌಕ ಅಲ್ಲೇ ಕೂತಿರುತ್ತದೆ. ಅದು ಫೋಲ್ಡರಿನ ಸ್ಥಿತಿಯನ್ನು ಹೇಳುವುದೇ ಇಲ್ಲ. ಒಳಗಿನ ಫೈಲುಗಳಿಗೆ ಆ ಗುಣವನ್ನು ಹಾಕಬೇಕೇ, ತೆಗೆಯಬೇಕೇ ಎಂದು ಕೇಳುವ ಜಾಗ ಅದು. ಎಲ್ಲ ಫೋಲ್ಡರುಗಳಲ್ಲೂ ಹಾಗೇ ಕಾಣುತ್ತದೆ. ಒಂದೇ ಒಂದು ಫೈಲ್ ಸೇವ್ ಆಗದಿದ್ದರೆ ಆ ಫೈಲಿನ ರೀಡ್ ಓನ್ಲಿ ನೋಡುವುದು ಸರಿ. ಫೋಲ್ಡರಿನದ್ದನ್ನು ಸುಮ್ನೆ ಬಿಟ್ಟುಬಿಡಿ.

ನೋಡಬೇಕಾದದ್ದು ಸೆಕ್ಯುರಿಟಿ ಟ್ಯಾಬ್. ಬರಹಗಳ ಫೋಲ್ಡರಿನಲ್ಲಿ ಅದನ್ನು ತೆಗೆದೆ. ಪಟ್ಟಿಯಲ್ಲಿ ನಾಲ್ಕು ಸಾಲು. ಸಿಸ್ಟಮ್ ಎಂಬ, ವಿಂಡೋಸಿನದ್ದೇ ಆದ ಅಕೌಂಟಿಗೆ ಫುಲ್ ಕಂಟ್ರೋಲ್. ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಫುಲ್ ಕಂಟ್ರೋಲ್. ಯೂಸರ್ಸ್ ಗುಂಪಿಗೆ ಓದುವ ಅನುಮತಿ ಮಾತ್ರ. ನಾಲ್ಕನೆಯದರಲ್ಲಿ ಹೆಸರೇ ಇಲ್ಲ. 'ಅಕೌಂಟ್ ಅನ್‌ನೋನ್' ಎಂದು ಬರೆದು, ಪಕ್ಕದಲ್ಲಿ ಎಸ್-1-5-21 ಎಂದು ಶುರುವಾಗುವ ಒಂದು ಉದ್ದನೆಯ ಸಂಖ್ಯೆ. ಕೊನೆಯಲ್ಲಿ 1001. ಬದಲಾಯಿಸುವ ಹಕ್ಕು, ಅಂದರೆ 'ಮಾಡಿಫೈ', ಇದ್ದದ್ದು ಈ ಅನಾಮಿಕನಿಗೆ.

ಆ ಅನಾಮಿಕ ನಾನೇ. ಹಳೆಯ ಕಂಪ್ಯೂಟರಿನ ನಾನು.

ಅದು ಹೀಗೆ. ಎನ್‌ಟಿಎಫ್‌ಎಸ್ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವಿನಲ್ಲಿ ಪ್ರತಿ ಫೈಲಿಗೂ, ಪ್ರತಿ ಫೋಲ್ಡರಿಗೂ ಒಬ್ಬ ಓನರ್ ಮತ್ತು ಒಂದು ಅನುಮತಿ ಪಟ್ಟಿ ಇರುತ್ತದೆ. ಇದು 1993ರಲ್ಲಿ ವಿಂಡೋಸ್ ಎನ್‌ಟಿ 3.1 ಬಂದಾಗಿನಿಂದ ಇರುವ ಏರ್ಪಾಡು. ಆ ಪಟ್ಟಿಯಲ್ಲಿ ನಮ್ಮ ಹೆಸರು ಬರೆದಿರುವುದಿಲ್ಲ, ಎಸ್‌ಐಡಿ ಎಂಬ ಗುರುತಿನ ಸಂಖ್ಯೆ ಬರೆದಿರುತ್ತದೆ. ಪರದೆಯ ಮೇಲೆ ಕಾಣುವ ಹೆಸರನ್ನು ಆ ಸಂಖ್ಯೆ ನೋಡಿ ವಿಂಡೋಸ್ ಆಗಿಂದಾಗ ಹುಡುಕಿ ತೋರಿಸುತ್ತದೆ. ಸಂಖ್ಯೆಯ ನಡುವಿನ ಭಾಗ ಆ ಕಂಪ್ಯೂಟರಿನದ್ದು, ವಿಂಡೋಸ್ ಹಾಕುವಾಗ ಹುಟ್ಟುವಂಥದ್ದು. ಕೊನೆಯ ತುಂಡು ಅಕೌಂಟಿನದ್ದು. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರು, ಅದೇ ಇಮೇಲ್, ಅದೇ ಪಾಸ್‌ವರ್ಡ್ ಕೊಟ್ಟರೂ ಸಂಖ್ಯೆ ಬೇರೆಯೇ. ನನ್ನ ಹೊಸ ಅಕೌಂಟಿನ ಸಂಖ್ಯೆಯೂ 1001ರಲ್ಲೇ ಮುಗಿಯುತ್ತಿತ್ತು, ನಡುವಿನದ್ದು ಮಾತ್ರ ಪೂರ್ತಿ ಬೇರೆ. ನಿಮ್ಮದು ಯಾವುದು ಅಂತ ನೋಡಬೇಕಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ 'ಹೂ ಆಮ್ ಐ' ಎಂಬ ಕಮಾಂಡನ್ನು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ 'ಯೂಸರ್' ಎಂದು ಸೇರಿಸಿ. ಹೆಸರು, ಸಂಖ್ಯೆ ಎರಡೂ ಬರುತ್ತವೆ.

ಹಾಗಾದರೆ ಓದಲು ಹೇಗೆ ಆಗುತ್ತಿತ್ತು? ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಯೂಸರ್ಸ್, ಅಡ್ಮಿನಿಸ್ಟ್ರೇಟರ್ಸ್ ಇಂಥ ಗುಂಪುಗಳು ವಿಂಡೋಸಿನ ಜೊತೆಯಲ್ಲೇ ಬರುತ್ತವೆ. ಅವುಗಳ ಸಂಖ್ಯೆ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ. ಅಡ್ಮಿನಿಸ್ಟ್ರೇಟರ್ಸ್ ಅಂದರೆ ಎಲ್ಲೇ ಹೋದರೂ ಎಸ್-1-5-32-544, ಯೂಸರ್ಸ್ ಅಂದರೆ 545ರಲ್ಲಿ ಮುಗಿಯುವ ಅದರ ಪಕ್ಕದ ಸಂಖ್ಯೆ. ಗುಂಪಿಗೆ ಕೊಟ್ಟ ಅನುಮತಿ ಡಿಸ್ಕಿನ ಜೊತೆ ಪ್ರಯಾಣ ಮಾಡುತ್ತದೆ. ವ್ಯಕ್ತಿಗೆ ಕೊಟ್ಟದ್ದು ಹಳೆಯ ಯಂತ್ರದಲ್ಲೇ ಉಳಿಯುತ್ತದೆ. ಹಳೆಯ ಕಂಪ್ಯೂಟರನ್ನು ಮನೆಯ ಬೇರೆಯವರೂ ಅವರವರ ಅಕೌಂಟಿನಲ್ಲಿ ಬಳಸುತ್ತಿದ್ದರು. ಬರಹ ಮತ್ತು ಫೋಟೋಗಳನ್ನು ಎಲ್ಲರೂ ನೋಡಲಿ, ತಿದ್ದುವುದು ಮಾತ್ರ ನಾನೊಬ್ಬನೇ ಇರಲಿ ಅಂತ ಈ ಎರಡು ಫೋಲ್ಡರುಗಳಿಗೆ ಹಾಗೆ ಪಟ್ಟಿ ಮಾಡಿದ್ದೆ. ಹೊಸ ಕಂಪ್ಯೂಟರ್ ಆ ಪಟ್ಟಿಯನ್ನು ಅಕ್ಷರಶಃ ಪಾಲಿಸುತ್ತಿತ್ತು, ಅಷ್ಟೆ. ಉಳಿದ ಫೋಲ್ಡರುಗಳಿಗೆ ನಾನು ಏನೂ ಮಾಡಿರಲಿಲ್ಲ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡ್ರೈವಿನಲ್ಲಿ 'ಅಥೆಂಟಿಕೇಟೆಡ್ ಯೂಸರ್ಸ್' ಎಂಬ ಗುಂಪಿಗೆ ಮಾಡಿಫೈ ಹಕ್ಕು ತಾನಾಗಿಯೇ ಇರುತ್ತದೆ. ಅದೂ ಎಲ್ಲ ಕಡೆ ಒಂದೇ ಸಂಖ್ಯೆಯ ಗುಂಪು. ಅದಕ್ಕೇ ಅಲ್ಲೆಲ್ಲ ಸಲೀಸಾಗಿ ಸೇವ್ ಆಗುತ್ತಿತ್ತು.

ಒಂದು ಪ್ರಶ್ನೆ ಉಳಿಯುತ್ತದೆ. ಪಟ್ಟಿಯಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಫುಲ್ ಕಂಟ್ರೋಲ್ ಇದೆ, ನಾನು ಆ ಗುಂಪಿನಲ್ಲೇ ಇದ್ದೇನೆ. ಮತ್ತೆ ಯಾಕೆ ಇಲ್ಲ ಅನ್ನುತ್ತದೆ?

ವಿಸ್ಟಾ ಎಂಬ ಆವೃತ್ತಿ ಬಂದ ಮೇಲೆ ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರ್ ಅಕೌಂಟಿನವರು ಲಾಗಿನ್ ಆದಾಗ ಅವರಿಗೆ ಎರಡು ಗುರುತಿನ ಚೀಟಿ ತಯಾರಾಗುತ್ತವೆ. ಒಂದು ಪೂರ್ತಿ ಅಧಿಕಾರದ್ದು, ಇನ್ನೊಂದು ಸಾಧಾರಣದ್ದು. ನಾವು ತೆರೆಯುವ ಪ್ರೋಗ್ರಾಮುಗಳೆಲ್ಲ ಸಾಧಾರಣ ಚೀಟಿ ಹಿಡಿದೇ ಓಡುತ್ತವೆ. ಪರದೆ ಮಬ್ಬಾಗಿ, 'ಈ ಪ್ರೋಗ್ರಾಮಿಗೆ ಬದಲಾವಣೆ ಮಾಡಲು ಬಿಡಬೇಕೇ' ಎಂದು ಕೇಳಿ, ನಾವು ಯೆಸ್ ಅಂದಾಗ ಮಾತ್ರ ದೊಡ್ಡ ಚೀಟಿ ಹೊರಗೆ ಬರುತ್ತದೆ. ಸಾಧಾರಣ ಚೀಟಿಯಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಹೆಸರು ಇದ್ದರೂ ಅದರಿಂದ ಯಾವ ಅನುಮತಿಯೂ ಸಿಗುವುದಿಲ್ಲ. ನೋಟ್‌ಪ್ಯಾಡನ್ನು ರೈಟ್ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದೆ. ಅದೇ ಫೋಲ್ಡರಿನಲ್ಲಿ ತಕರಾರಿಲ್ಲದೆ ಸೇವ್ ಆಯಿತು. ನನ್ನ ಊಹೆ ಸರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ. ಆದರೆ ಇದನ್ನೇ ಪರಿಹಾರ ಮಾಡಿಕೊಂಡು ದಿನಾ ಎಲ್ಲವನ್ನೂ ಹಾಗೆ ತೆರೆಯುವವರಿದ್ದಾರೆ. ಅದು ಬೇಡ. ಇಂಟರ್ನೆಟ್ಟಿನಿಂದ ಇಳಿಸಿದ ಫೈಲನ್ನು ಪೂರ್ತಿ ಅಧಿಕಾರದ ಪ್ರೋಗ್ರಾಮಿನಲ್ಲಿ ತೆರೆಯುವುದು ಅಪಾಯ.

ಸರಿಪಡಿಸುವ ಮುಂಚೆ ಎರಡು ಕೆಲಸ ಮಾಡಿದೆ. ಎರಡೂ ಫೋಲ್ಡರುಗಳನ್ನು ಒಂದು ಹೊರಗಿನ ಡ್ರೈವಿಗೆ ಕಾಪಿ ಮಾಡಿಕೊಂಡೆ. ಓದುವ ಅನುಮತಿ ಇತ್ತಲ್ಲ, ಕಾಪಿಗೆ ಅಷ್ಟು ಸಾಕು. ಇನ್ನೊಂದು, ಆಗ ಇದ್ದ ಅನುಮತಿ ಪಟ್ಟಿಯನ್ನೇ ಒಂದು ಫೈಲಿಗೆ ಇಳಿಸಿಕೊಂಡೆ. ಅದಕ್ಕೆ ಐ-ಸಿ-ಎ-ಸಿ-ಎಲ್-ಎಸ್ ಎಂಬ ಕಮಾಂಡ್ ವಿಂಡೋಸಿನಲ್ಲೇ ಇದೆ. ಫೋಲ್ಡರಿನ ಹೆಸರು ಕೊಟ್ಟು, 'ಸೇವ್' ಎಂಬ ಆಯ್ಕೆ ಹಾಕಿ, ಫೈಲಿನ ಹೆಸರು ಕೊಟ್ಟು, ಒಳಗಿನದ್ದೆಲ್ಲ ಸೇರಲಿ ಅಂತ 'ಟಿ' ಆಯ್ಕೆಯನ್ನೂ ಸೇರಿಸಬೇಕು. ಏನಾದರೂ ಅಡ್ಡಾದಿಡ್ಡಿಯಾದರೆ 'ರಿಸ್ಟೋರ್' ಆಯ್ಕೆಯಿಂದ ಹಳೆಯ ಪಟ್ಟಿಯನ್ನು ವಾಪಸ್ ತರಬಹುದು. ಅನುಮತಿ ಬದಲಾಯಿಸುವ ವಿಧಾನ ಹೇಳುವವರು ಈ ಹೆಜ್ಜೆಯನ್ನು ಬಿಟ್ಟುಬಿಡುವುದೇ ಜಾಸ್ತಿ.

ಆಮೇಲೆ ನಿಜವಾದ ಕೆಲಸ. ಸೆಕ್ಯುರಿಟಿ ಟ್ಯಾಬಿನ ಕೆಳಗೆ 'ಅಡ್ವಾನ್ಸ್ಡ್' ಒತ್ತಿದರೆ ಮೇಲ್ಗಡೆ ಓನರ್ ಯಾರು ಅಂತ ಕಾಣುತ್ತದೆ. ಅಲ್ಲೂ ಅದೇ ಅನಾಮಿಕ ಸಂಖ್ಯೆ. ಪಕ್ಕದ 'ಚೇಂಜ್' ಒತ್ತಿ ನನ್ನ ಅಕೌಂಟಿನ ಹೆಸರು ಬರೆದು 'ಚೆಕ್ ನೇಮ್ಸ್' ಒತ್ತಬೇಕು. ಇಮೇಲ್ ಕೊಟ್ಟು ಲಾಗಿನ್ ಆಗುವವರಿಗೆ ಇಲ್ಲಿ ಗೊಂದಲ ಆಗುವುದುಂಟು. ಲಾಗಿನ್ ಪರದೆಯಲ್ಲಿ ಕಾಣುವ ಪೂರ್ತಿ ಹೆಸರೇ ಬೇರೆ, ಒಳಗಿನ ಅಕೌಂಟಿನ ಹೆಸರೇ ಬೇರೆ ಇರಬಹುದು. ಎಷ್ಟೋ ಸಲ ಅದು ಇಮೇಲಿನ ಮೊದಲ ಐದು ಅಕ್ಷರ ಮಾತ್ರ. ಮೊದಲು ಹೇಳಿದ ಕಮಾಂಡ್ ತೋರಿಸುತ್ತದಲ್ಲ, ಅದೇ ಹೆಸರು ಹಾಕಿದರೆ ಒಪ್ಪುತ್ತದೆ. ಓನರ್ ಹೆಸರಿನ ಕೆಳಗೆ, ಒಳಗಿನ ಫೋಲ್ಡರು ಮತ್ತು ಫೈಲುಗಳಿಗೂ ಓನರ್ ಬದಲಾಗಲಿ ಎಂಬ ಚೌಕ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಟಿಕ್ ಹಾಕಿ ಅಪ್ಲೈ ಮಾಡಿದೆ. ಕಿಟಕಿಯನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದ ಮೇಲೆ ಮುಂದುವರಿದೆ.

ಓನರ್ ಆದ ಮಾತ್ರಕ್ಕೆ ಸೇವ್ ಮಾಡಲು ಬರುವುದಿಲ್ಲ. ಓನರಿಗೆ ಸಿಗುವ ಹಕ್ಕು ಅನುಮತಿ ಪಟ್ಟಿಯನ್ನು ತಿದ್ದುವ ಹಕ್ಕು. ಅದನ್ನು ಬಳಸಿ ತನಗೆ ತಾನೇ ಅನುಮತಿ ಬರೆದುಕೊಳ್ಳಬೇಕು. ಓನರ್ ಬದಲಾಯಿಸಿಯೂ ಸೇವ್ ಆಗುತ್ತಿಲ್ಲ ಎಂದು ಕೈಚೆಲ್ಲುವವರು ಈ ಎರಡನೆಯ ಅರ್ಧ ಮಾಡಿರುವುದಿಲ್ಲ. 'ಆಡ್' ಒತ್ತಿ, 'ಸೆಲೆಕ್ಟ್ ಎ ಪ್ರಿನ್ಸಿಪಲ್' ಎಂಬಲ್ಲಿ ಮತ್ತೆ ನನ್ನ ಹೆಸರು ಹಾಕಿ, 'ಈ ಫೋಲ್ಡರ್, ಒಳಗಿನ ಫೋಲ್ಡರುಗಳು ಮತ್ತು ಫೈಲುಗಳು' ಎಂಬ ಆಯ್ಕೆ ಇರುವುದನ್ನು ಖಚಿತ ಮಾಡಿಕೊಂಡು, ಮಾಡಿಫೈಗೆ ಟಿಕ್ ಹಾಕಿದೆ. ಫುಲ್ ಕಂಟ್ರೋಲ್ ಕೊಡಲಿಲ್ಲ. ಓದುವುದು, ಬರೆಯುವುದು, ಅಳಿಸುವುದು ಎಲ್ಲ ಮಾಡಿಫೈನಲ್ಲೇ ಬರುತ್ತವೆ. ಫುಲ್ ಕಂಟ್ರೋಲಿನಲ್ಲಿ ಮುಖ್ಯವಾಗಿ ಹೆಚ್ಚಿಗೆ ಇರುವುದು ಅನುಮತಿ ಬದಲಾಯಿಸುವುದು ಮತ್ತು ಓನರ್ ಆಗುವುದು. ದಿನದ ಕೆಲಸಕ್ಕೆ ಅವು ಯಾಕೆ?

ಇದೇ ಪುಟದಲ್ಲಿ 'ಎನೇಬಲ್ ಇನ್ಹೆರಿಟೆನ್ಸ್' ಎಂಬ ಬಟನ್ ಕಾಣುತ್ತಿತ್ತು. ಅದನ್ನು ಒತ್ತಿದ್ದರೆ ಡ್ರೈವಿನ ಮೇಲಿನ ಅನುಮತಿಗಳೇ ಫೋಲ್ಡರಿಗೂ ಇಳಿದು, ಇಷ್ಟೆಲ್ಲ ಬರೆಯದೆ ಒಂದೇ ಏಟಿಗೆ ಮುಗಿಯುತ್ತಿತ್ತು. ಒಬ್ಬರೇ ಬಳಸುವ ಕಂಪ್ಯೂಟರಾದರೆ ಅದೇ ಸುಲಭ, ಅದನ್ನೇ ಮಾಡಿ ಅನ್ನುತ್ತೇನೆ. ನನಗೆ ಉಳಿದವರು ನೋಡಲಿ, ತಿದ್ದುವುದು ಬೇಡ ಎಂಬ ಹಳೆಯ ಏರ್ಪಾಡೇ ಬೇಕಿತ್ತು. ಮುಂದೆ ಈ ಯಂತ್ರಕ್ಕೂ ಬೇರೆ ಅಕೌಂಟುಗಳು ಬರುತ್ತವೆ. ಅದಕ್ಕೇ ಆ ಬಟನ್ ಮುಟ್ಟಲಿಲ್ಲ.

ಅಪ್ಲೈ ಒತ್ತಿದ ಮೇಲೆ ಫೈಲುಗಳ ಹೆಸರು ಓಡುತ್ತಾ ಹೋಗುತ್ತದೆ. ಫೋಟೋಗಳು ಸಾವಿರಾರು ಇದ್ದವು, ತುಸು ಹೊತ್ತು ಹಿಡಿಯಿತು. ಫೈಲಿನ ಒಳಗಿನದ್ದನ್ನು ಅದು ಮುಟ್ಟುವುದಿಲ್ಲ, ಹೆದರಬೇಕಾಗಿಲ್ಲ. ಆದರೆ ನಡುವೆ ಕ್ಯಾನ್ಸಲ್ ಮಾಡಬಾರದು. ಅರ್ಧ ಫೈಲುಗಳಿಗೆ ಹೊಸ ಪಟ್ಟಿ, ಅರ್ಧಕ್ಕೆ ಹಳೆಯದು ಎಂದಾಗಿಬಿಡುತ್ತದೆ.

ಬರಹಗಳ ಫೋಲ್ಡರ್ ಸರಿಹೋಯಿತು. ಫೋಟೋಗಳ ಫೋಲ್ಡರಿನಲ್ಲಿ ಒಳಗಿನ ಕೆಲವು ಫೋಲ್ಡರುಗಳು ಇನ್ನೂ ಹಟ ಹಿಡಿದಿದ್ದವು. ಅವುಗಳಲ್ಲಿ ಇನ್ಹೆರಿಟೆನ್ಸ್ ಬಂದ್ ಆಗಿತ್ತು, ಹಾಗಾಗಿ ಮೇಲಿನ ಹೊಸ ಸಾಲು ಒಳಕ್ಕೆ ಇಳಿಯಲೇ ಇಲ್ಲ. ಇದಕ್ಕೂ ಅಡ್ವಾನ್ಸ್ಡ್ ಪುಟದ ತಳದಲ್ಲಿ ಒಂದು ಚೌಕ ಇದೆ: 'ಒಳಗಿನ ಎಲ್ಲದರ ಅನುಮತಿಯನ್ನೂ ಇಲ್ಲಿಂದ ಇಳಿಯುವ ಅನುಮತಿಯಿಂದ ಬದಲಾಯಿಸು' ಎಂಬರ್ಥದ್ದು. ಅದಕ್ಕೆ ಟಿಕ್ ಹಾಕಿದರೆ ಒಳಗೆ ಬೇರೆ ಬೇರೆಯಾಗಿ ಬರೆದಿದ್ದ ಪಟ್ಟಿಗಳೆಲ್ಲ ಅಳಿಸಿಹೋಗುತ್ತವೆ. ನನಗೆ ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲ, ಹಾಕಿದೆ.

ಈ ಚೌಕವನ್ನು ಡ್ರೈವಿನ ತುದಿಯಲ್ಲಿ ನಿಂತು ಬಳಸಬೇಡಿ. ಡಿ ಡ್ರೈವಿನಲ್ಲಿ ಕಣ್ಣಿಗೆ ಕಾಣದ ಫೋಲ್ಡರುಗಳೂ ಇರುತ್ತವೆ. 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಅಂಥದ್ದೊಂದು. ರೀಸೈಕಲ್ ಬಿನ್ನಿನದ್ದು ಇನ್ನೊಂದು. ಸ್ಟೋರಿನಿಂದ ಇಳಿಸಿದ ಆಪ್‌ಗಳನ್ನು ಡಿ ಡ್ರೈವಿನಲ್ಲಿ ಇಟ್ಟಿದ್ದರೆ 'ವಿಂಡೋಸ್‌ಆಪ್ಸ್' ಎಂಬ ಫೋಲ್ಡರೂ ಇರುತ್ತದೆ. ಅವುಗಳ ಅನುಮತಿ ಅವುಗಳ ಪಾಡಿಗೆ ಇರಬೇಕು. ಸಿ ಡ್ರೈವಿನ ಮಾತಂತೂ ಬೇಡವೇ ಬೇಡ. ಅಲ್ಲಿ ವಿಂಡೋಸಿನ ಎಷ್ಟೋ ಫೈಲುಗಳಿಗೆ 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ವಿಂಡೋಸಿನದ್ದೇ ಸೇವೆ ಓನರ್, ಅದನ್ನು ಕಿತ್ತುಕೊಂಡರೆ ಅಪ್‌ಡೇಟುಗಳೇ ಕೈಕೊಡಬಹುದು. ಸಿ ಡ್ರೈವಿನ ಹೊರಗಡೆ, ಯಾವ ಫೋಲ್ಡರಿಗೂ ಸೇರದಂತೆ ಫೈಲ್ ಸೇವ್ ಮಾಡಲು ಆಗುತ್ತಿಲ್ಲ ಎಂಬುದು ದೋಷವೇ ಅಲ್ಲ. ಅದು ಇರುವುದೇ ಹಾಗೆ. ಅಲ್ಲಿ ಒಂದು ಫೋಲ್ಡರ್ ಮಾಡಿಕೊಂಡು ಅದರೊಳಗೆ ಸೇವ್ ಮಾಡಿ, ಆಗುತ್ತದೆ.

ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಫೋಟೋ ತಿದ್ದುವ ಪ್ರೋಗ್ರಾಮ್ ಮತ್ತೆ ಕ್ಯಾತೆ ತೆಗೆಯಿತು. ಅದೇ ಫೋಟೋ ಫೋಲ್ಡರ್. ಈ ಸಲ ಅನುಮತಿ ಇಲ್ಲ ಅಂತ ಹೇಳಲಿಲ್ಲ, ಫೈಲ್ ಸಿಗುತ್ತಿಲ್ಲ ಎಂದಿತು. ಕಣ್ಣೆದುರಿಗೇ ಇರುವ ಫೈಲು! ಅದೇ ಜಾಗದಲ್ಲಿ ನೋಟ್‌ಪ್ಯಾಡಿನಿಂದ ಸೇವ್ ಮಾಡಿದೆ, ಆಯಿತು. ಫೋಟೋ ಪ್ರೋಗ್ರಾಮಿನಿಂದ ಬೇರೆ ಫೋಲ್ಡರಿಗೆ ಸೇವ್ ಮಾಡಿದೆ, ಅದೂ ಆಯಿತು. ಈ ಪ್ರೋಗ್ರಾಮ್ ಈ ಫೋಲ್ಡರಿಗೆ ಬರೆಯುವಾಗ ಮಾತ್ರ ತೊಂದರೆ. ಹೀಗೆ ಪ್ರೋಗ್ರಾಮ್ ಬದಲಾಯಿಸಿ ಒಂದು ಸಲ, ಜಾಗ ಬದಲಾಯಿಸಿ ಒಂದು ಸಲ ನೋಡುವುದು ಈ ಇಡೀ ವ್ಯವಹಾರದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ. ಅನುಮತಿ ಪಟ್ಟಿ ಪ್ರೋಗ್ರಾಮನ್ನು ನೋಡುವುದಿಲ್ಲ, ಅಕೌಂಟನ್ನು ನೋಡುತ್ತದೆ. ಒಂದೇ ಅಕೌಂಟಿನಿಂದ ಒಂದು ಪ್ರೋಗ್ರಾಮಿಗೆ ಆಗುತ್ತದೆ, ಇನ್ನೊಂದಕ್ಕೆ ಇಲ್ಲ ಅಂದರೆ ಕಾರಣ ಬೇರೆ ಕಡೆ ಇರಬೇಕು.

ಇದ್ದದ್ದು ವಿಂಡೋಸ್ ಸೆಕ್ಯುರಿಟಿಯಲ್ಲಿ. ಅಲ್ಲಿ 'ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಎಂಬ ವಿಭಾಗದಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅಂತ ಒಂದು ಸ್ವಿಚ್ ಇದೆ. 2017ರಲ್ಲಿ ವಿಂಡೋಸ್ 10ರ 1709ನೇ ಆವೃತ್ತಿಯ ಜೊತೆ ಬಂದದ್ದು. ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ಕಳ್ಳ ಪ್ರೋಗ್ರಾಮುಗಳಿಂದ ಕಾಯಲು, ಕೆಲವು ಫೋಲ್ಡರುಗಳಿಗೆ ನಂಬಿಕಸ್ಥ ಪ್ರೋಗ್ರಾಮುಗಳು ಮಾತ್ರ ಬರೆಯುವಂತೆ ಅದು ತಡೆಯುತ್ತದೆ. ಅದು ತಾನಾಗಿ ಆನ್ ಇರುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ನಾನೇ ಆನ್ ಮಾಡಿ, ಫೋಟೋಗಳ ಫೋಲ್ಡರನ್ನು ಕಾಯಬೇಕಾದ ಪಟ್ಟಿಗೆ ಸೇರಿಸಿದ್ದೆ. ನೋಟ್‌ಪ್ಯಾಡನ್ನು ಅದು ನಂಬುತ್ತದೆ, ಹೆಚ್ಚು ಜನ ಬಳಸದ ನನ್ನ ಫೋಟೋ ಪ್ರೋಗ್ರಾಮನ್ನು ನಂಬಲಿಲ್ಲ. ತಡೆದ ಪ್ರತಿ ಸಲವೂ ಈವೆಂಟ್ ವ್ಯೂವರಿನಲ್ಲಿ, ವಿಂಡೋಸಿನ ಆಂಟಿವೈರಸ್ ಆದ ಡಿಫೆಂಡರಿನ ದಾಖಲೆಯಲ್ಲಿ 1123 ಎಂಬ ಸಂಖ್ಯೆಯ ಸಾಲು ಬಿದ್ದಿರುತ್ತದೆ. ಪ್ರೊಟೆಕ್ಷನ್ ಹಿಸ್ಟರಿಯಲ್ಲೂ ಸಿಗುತ್ತದೆ. ಸ್ವಿಚ್ ಆಫ್ ಮಾಡುವ ಬದಲು ಅದರ ಕೆಳಗಿರುವ, ಪ್ರೋಗ್ರಾಮಿಗೆ ವಿನಾಯಿತಿ ಕೊಡುವ ಜಾಗಕ್ಕೆ ಹೋಗಿ ಇದೊಂದನ್ನು ಸೇರಿಸಿದೆ. ಸೇವ್ ಆಯಿತು. ಇದೇ ತೊಂದರೆಗೆ ಎವ್ರಿವನ್ನಿಗೆ ಫುಲ್ ಕಂಟ್ರೋಲ್ ಕೊಟ್ಟು ಕೂತಿದ್ದರೆ ಏನೂ ಬದಲಾಗುತ್ತಿರಲಿಲ್ಲ ನೋಡಿ.

ಬೀಗ ಹಾಕಿದ ಇನ್ನೊಂದು ಬಗೆಯ ಫೈಲುಗಳ ಮುಂದೆ ಈ ಯಾವ ವಿದ್ಯೆಯೂ ನಡೆಯುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಫೈಲಿನ ಪ್ರಾಪರ್ಟೀಸಿಗೆ ಹೋಗಿ 'ಎನ್‌ಕ್ರಿಪ್ಟ್ ಕಂಟೆಂಟ್ಸ್' ಎಂದು ಟಿಕ್ ಹಾಕಿದ್ದರೆ ಓನರ್ ಆದರೂ, ಫುಲ್ ಕಂಟ್ರೋಲ್ ಇದ್ದರೂ ತೆರೆಯಲು ಬರುವುದಿಲ್ಲ. ಅಲ್ಲಿಂದ ತಂದ ಸರ್ಟಿಫಿಕೇಟ್ ಮತ್ತು ಕೀ ಬೇಕೇ ಬೇಕು. ಹಳೆಯ ಯಂತ್ರದಲ್ಲಿ ವಿಂಡೋಸ್ ಇನ್ನೂ ಬದುಕಿದ್ದರೆ, ಅದನ್ನು ಅಳಿಸುವ ಮುಂಚೆ ಇದೊಂದನ್ನು ನೋಡಿಕೊಳ್ಳಿ. ನನ್ನಲ್ಲಿ ಅಂಥವು ಇರಲಿಲ್ಲ.

ಪಟ್ಟಿಯಲ್ಲಿದ್ದ ಆ ಹೆಸರಿಲ್ಲದ ಸಾಲನ್ನು ಕೂಡಲೇ ತೆಗೆಯಲಿಲ್ಲ. ಅದು ಇದ್ದರೆ ಕೇಡೇನಿಲ್ಲ, ಆ ಸಂಖ್ಯೆಯ ಅಕೌಂಟ್ ಇಲ್ಲಿ ಯಾರದ್ದೂ ಅಲ್ಲ. ಡಿಸ್ಕನ್ನು ಮತ್ತೆ ಹಳೆಯ ಕಂಪ್ಯೂಟರಿಗೆ ಹಾಕಬೇಕಾಗಿ ಬಂದರೆ ಅಲ್ಲಿ ಅದೇ ಸಾಲು ಬೇಕಾಗುತ್ತಿತ್ತು. ಹಳೆಯದನ್ನು ಪೂರ್ತಿ ಅಳಿಸಿ ಬೇರೆಯವರಿಗೆ ಕೊಟ್ಟ ಮೇಲೆ, ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಆ ಸಾಲನ್ನು ಆರಿಸಿ 'ರಿಮೂವ್' ಒತ್ತಿದೆ. ಅನುಮತಿ ಪಟ್ಟಿ ಇಳಿಸಿಕೊಂಡಿದ್ದ ಫೈಲನ್ನೂ ಆಮೇಲೆ ಅಳಿಸಿದೆ.